ಅಜ್ಜನ ಕೋವಿಯ ನಂಬರ್ ನಿಮಗೆ ಗೊತ್ತಾ? ಮನೆಯಲ್ಲೊಂದು ಲೆಕ್ಕದ ಪುಸ್ತಕ ಇಡಿ

ಮಡಿಕೇರಿ: ಚುನಾವಣೆ ಟೈಮಲ್ಲಿ ಕೋವಿ ಠೇವಣಿ ಸುದ್ದಿ ಮಾಡೋಕೆ ಜಿಲ್ಲೆಯ ಒಂದು ಠಾಣೆಗೆ ಹೋಗಿದ್ದೆ. ಸಾಲಲ್ಲಿ ನಿಂತಿದ್ದ ಹುಡುಗನೊಬ್ಬನ ಕೈಯಲ್ಲಿ ಎರಡು ಕೋವಿ. ಒಂದು ಅಪ್ಪನದು, ಇನ್ನೊಂದು ತೀರಿಕೊಂಡ ಅಜ್ಜನದು. ಪೊಲೀಸರು ಕಾಗದದಲ್ಲಿದ್ದ ನಂಬರ್ ಓದಿದರು, ಕೋವಿ ತಿರುಗಿಸಿ ನೋಡಿದರು. ಅಜ್ಜನ ಕೋವಿಯದ್ದು ಒಂದು ಅಂಕಿ ತಾಳೆಯಾಗಲಿಲ್ಲ. ಕಾಗದದಲ್ಲಿ 3, ಕೋವಿ ಮೇಲೆ 8.

"ಇದು ನಿಮ್ಮ ಅಜ್ಜನದೇ ಅಂತ ಹೇಗೆ ನಂಬೋದು? ಎಲ್ಲಿ ತಗೊಂಡಿದ್ದು?" ಅಂತ ಕೇಳಿದರು. ಹುಡುಗ ಅಪ್ಪನಿಗೆ ಫೋನ್ ಮಾಡಿದ. ಅಪ್ಪನಿಗೂ ಗೊತ್ತಿಲ್ಲ. ಗೊತ್ತಿದ್ದ ಅಜ್ಜ ಇಲ್ಲ. ಬರೆಯುವಾಗ ಯಾರೋ ಯಾವತ್ತೋ 8ನ್ನು 3 ಮಾಡಿದ್ದಿರಬಹುದು. ಆದರೆ ಅದನ್ನು ತೋರಿಸೋಕೆ ಮನೆಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಕಥೆ ಇದೇ. ತೋಟದ ಲೆಕ್ಕ, ಕಾಫಿ ಮೂಟೆ ಲೆಕ್ಕ, ಅಂಗಡಿ ಸಾಲದ ಲೆಕ್ಕ ಎಲ್ಲ ಬರೆದಿಡ್ತೀವಿ. ಕೋವಿ ಲೆಕ್ಕ ಮಾತ್ರ ಮನೆ ಹಿರಿಯರ ತಲೆಯಲ್ಲಿರುತ್ತೆ.

ವಿನಾಯಿತಿ ಇದ್ರೆ ಲೆಕ್ಕ ಬೇಡ್ವಾ?

ಕೊಡವರಿಗೆ ಮತ್ತು ಜಮ್ಮಾ ಭೂಮಿ ಹಿಡುವಳಿದಾರರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ನಿಯಮದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು. ಇದನ್ನು ಪ್ರಶ್ನಿಸಿ ಹೋದ ಅರ್ಜಿಯಲ್ಲಿ 2021ರಲ್ಲಿ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ಆದರೆ ವಿನಾಯಿತಿ ಇರೋದು ಲೈಸೆನ್ಸ್‌ಗೆ, ಜವಾಬ್ದಾರಿಗೆ ಅಲ್ಲ. ಕೋವಿ ಕಳುವಾದರೆ, ಠೇವಣಿ ಇಡಬೇಕಾದರೆ, ಮನೆ ಪಾಲಾದರೆ ಯಾವ ಕೋವಿ ಯಾರದ್ದು ಅಂತ ತೋರಿಸಲೇಬೇಕು.

ವಿನಾಯಿತಿ ಇಲ್ಲದೆ ಬೆಳೆ ರಕ್ಷಣೆಗೋ ಆತ್ಮರಕ್ಷಣೆಗೋ ಲೈಸೆನ್ಸ್ ತಗೊಂಡವರು ಇನ್ನೂ ಹುಷಾರಾಗಿರಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ, ಮೊದಲು ಮೂರಿತ್ತು. ಪಿತ್ರಾರ್ಜಿತವಾಗಿ ಬಂದ ಕೋವಿಗೂ ಈ ಮಿತಿ ಅನ್ವಯ. ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಐದು ವರ್ಷ ಅಂದ ಕೂಡಲೇ ಮರೆತುಬಿಡೋರೇ ಜಾಸ್ತಿ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲಿನ ಶಿಕ್ಷೆ ಕಾಯ್ದೆಯಲ್ಲಿದೆ.

ಮೊದಲು ಕೋವಿ ಖಾಲಿ ಇದೆಯಾ ನೋಡಿ

ಬರೆಯೋಕೆ ಕೂರುವ ಮುಂಚೆ ನಳಿಗೆ ಮಡಚಿ ತೋಟಾ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಹಾಗೆ ನೋಡೋಕಾಗಲ್ಲ. ಕೇಪು ಇಲ್ಲ ಅಂದ ಮಾತ್ರಕ್ಕೆ ಒಳಗೆ ಮದ್ದಿಲ್ಲ ಅಂತಲ್ಲ. ಮದ್ದು ಜಡಿಯುವ ಕೋಲನ್ನು ನಳಿಗೆಯೊಳಗೆ ಬಿಟ್ಟು ಬಾಯಿ ಹತ್ತಿರ ಗುರುತು ಮಾಡಿ. ಆಮೇಲೆ ಕೋಲನ್ನು ಹೊರಗೆ ನಳಿಗೆ ಪಕ್ಕಕ್ಕೆ ಹಿಡಿಯಿರಿ. ತಳ ಮುಟ್ಟದೆ ನಡುವೆ ನಿಂತಿದ್ದರೆ ಒಳಗೆ ಏನೋ ಇದೆ ಅಂತ ಅರ್ಥ. ಹಾಗಿದ್ದರೆ ನೀವೇ ಕೀಳೋಕೆ ಹೋಗಬೇಡಿ, ಗೊತ್ತಿರುವವರನ್ನು ಕರೆಸಿ.

ಏನೇನು ಬರೀಬೇಕು?

ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ಸಾಕು. ಒಂದು ಕೋವಿಗೆ ಎರಡು ಪುಟ ಬಿಡಿ.

1. ಯಾವ ಕೋವಿ: ಒಂಟಿ ನಳಿಗೆಯ ತೋಟಾ ಕೋವಿಯೋ (ಎಸ್‌ಬಿಬಿಎಲ್), ಜೋಡಿ ನಳಿಗೆಯದೋ (ಡಿಬಿಬಿಎಲ್), ಕೇಪಿನ ಕೋವಿಯೋ (ಎಸ್‌ಬಿಎಂಎಲ್), ರೈಫಲ್ಲೋ. ಎಷ್ಟು ಬೋರ್, ಯಾವ ಕಂಪನಿ.

2. ನಂಬರ್: ಕಾಗದ ನೋಡಿ ಬರೀಬೇಡಿ, ಕೋವಿ ನೋಡಿ ಬರೀರಿ. ಆಮೇಲೆ ಕಾಗದದ ಜೊತೆ ತಾಳೆ ಹಾಕಿ. ಜೋಡಿ ನಳಿಗೆಯಲ್ಲಿ ಸಾಮಾನ್ಯವಾಗಿ ನಳಿಗೆಯ ಅಡಿಭಾಗ, ಅದು ಕೂರುವ ಕಬ್ಬಿಣದ ಭಾಗ, ಮುಂದಿನ ಮರದ ಹಿಡಿಯ ಒಳಗಿನ ಕಬ್ಬಿಣ, ಹೀಗೆ ಎರಡು ಮೂರು ಕಡೆ ಒಂದೇ ನಂಬರ್ ಇರುತ್ತೆ. ಹಳೇ ಕೋವಿಗಳಲ್ಲಿ ನಳಿಗೆ ಪರೀಕ್ಷೆ ಮಾಡಿದ ಮುದ್ರೆಗಳೂ ಇರುತ್ತವೆ. ಅದನ್ನೇ ನಂಬರ್ ಅಂದುಕೊಳ್ಳಬೇಡಿ.

3. ಕಾಗದ: ಲೈಸೆನ್ಸ್ ಅಥವಾ ವಿನಾಯಿತಿ ಪತ್ರದ ಸಂಖ್ಯೆ, ಯಾರ ಹೆಸರಲ್ಲಿದೆ, ಯಾವ ಕಚೇರಿ ಕೊಟ್ಟಿದ್ದು, ಯಾವಾಗ ಮುಗಿಯುತ್ತೆ. ಲೈಸೆನ್ಸ್‌ದಾರರು ತಮ್ಮ ಯುಐಎನ್ ಸಂಖ್ಯೆಯನ್ನೂ ಬರೆದಿಡಿ.

4. ಬಂದ ದಾರಿ: ಅಂಗಡಿಯಲ್ಲಿ ತಗೊಂಡಿದ್ದೋ, ಅಜ್ಜನಿಂದ ಬಂದಿದ್ದೋ, ಬೇರೆಯವರಿಂದ ವರ್ಗವಾಗಿದ್ದೋ. ಬಿಲ್ ಇದ್ದರೆ ಅದರ ನಕಲು.

5. ತೋಟಾ: ಎಷ್ಟು ತಗೊಂಡಿರಿ, ಯಾವತ್ತು, ಎಷ್ಟು ಉಳಿದಿದೆ.

6. ಈಗ ಎಲ್ಲಿದೆ: ಮನೆಯಲ್ಲೋ, ಠಾಣೆಯಲ್ಲೋ, ರಿಪೇರಿಗೆ ಕೊಟ್ಟಿದ್ದೋ. ತಾರೀಖು ಹಾಕಿ.

ಜೊತೆಗೆ ಫೋಟೊ: ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು, ನಂಬರ್ ಹತ್ತಿರದಿಂದ ಒಂದು. ಹಿಡಿಯಲ್ಲಿ ಬಿರುಕು, ಬೆಳ್ಳಿ ಕಟ್ಟು, ಕೆತ್ತಿದ ಹೆಸರು ಇದ್ದರೆ ಅದನ್ನೂ ತೆಗೀರಿ.

ಒಂದು ಎಚ್ಚರಿಕೆ. ನಂಬರ್ ಕಾಣಿಸ್ತಿಲ್ಲ ಅಂತ ಉಪ್ಪುಕಾಗದ ಹಾಕಿ ತಿಕ್ಕಬೇಡಿ. ನಂಬರ್ ಅಳಿಸೋದು ಅಪರಾಧ. ನಂಬರ್ ಅಳಿದಿರುವ ಕೋವಿ ಯಾರ ಹತ್ತಿರ ಸಿಗುತ್ತೋ ಅವರೇ ಅಳಿಸಿದ್ದು ಅಂತ ಕಾನೂನು ಭಾವಿಸುತ್ತೆ. ಅಲ್ಲ ಅಂತ ಸಾಬೀತು ಮಾಡೋ ಕೆಲಸ ನಿಮ್ಮದಾಗುತ್ತೆ. ಬಟ್ಟೆಗೆ ಸ್ವಲ್ಪ ಎಣ್ಣೆ ಹಚ್ಚಿ ಒರೆಸಿ, ಟಾರ್ಚನ್ನು ಪಕ್ಕದಿಂದ ಹಿಡಿದರೆ ಅಂಕಿಗಳು ಕಾಣುತ್ತವೆ.

ಹಿರಿಯರು ತೀರಿಕೊಂಡಾಗ

ಹೆಚ್ಚು ಮನೆಗಳು ಎಡವೋದು ಇಲ್ಲೇ. ಸಾವಿಗೆ ಗುಂಡು ಹಾರಿಸಿ ತಿಳಿಸುವ ಪದ್ಧತಿ ನಮ್ಮಲ್ಲಿದೆ. ಅದಾದ ಮೇಲೆ ಕೋವಿ ಗೋಡೆಗೆ ಹೋಗುತ್ತೆ, ವರ್ಷಗಟ್ಟಲೆ ಅಲ್ಲೇ ಇರುತ್ತೆ. ತೀರಿಕೊಂಡವರ ಹೆಸರಿನ ಲೈಸೆನ್ಸ್ ಮಕ್ಕಳಿಗೆ ತಾನಾಗಿ ಬರಲ್ಲ. ತಡ ಮಾಡದೆ ಕೋವಿಯನ್ನು ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಒಪ್ಪಿಸಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಮರಣ ಪತ್ರ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತೆ. ವಿನಾಯಿತಿ ಇರುವ ಮನೆಯವರೂ ಕೋವಿ ಯಾರ ಹೆಸರಿಗೆ ಹೋಗುತ್ತೆ ಅನ್ನೋದನ್ನು ದಾಖಲೆಯಲ್ಲಿ ಸರಿಮಾಡಿಸಿಕೊಳ್ಳಿ.

ಸಾಯೋವರೆಗೂ ಕಾಯಬೇಕು ಅಂತೇನಿಲ್ಲ. 2016ರ ನಿಯಮದ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ಆದರೆ, ಇಲ್ಲವೇ ಕೋವಿ ಇಟ್ಟುಕೊಂಡು 25 ವರ್ಷ ಆದರೆ, ಬದುಕಿದ್ದಾಗಲೇ ವಾರಸುದಾರರಿಗೆ ಲೈಸೆನ್ಸ್ ಕೊಡಿಸಲು ಅವಕಾಶವಿದೆ. ಅಣ್ಣತಮ್ಮಂದಿರ ಜಗಳ ತಪ್ಪಿಸೋಕೂ ಇದೇ ಒಳ್ಳೇ ದಾರಿ.

ಠೇವಣಿ ಇಟ್ಟಾಗ, ಕಳುವಾದಾಗ

ಚುನಾವಣೆಗೆ ಕೋವಿ ಒಪ್ಪಿಸಿದರೆ ರಸೀದಿ ಕೇಳಿ ತಗೊಳ್ಳಿ. ರಸೀದಿಯಲ್ಲಿ ನಂಬರ್ ಸರಿ ಇದೆಯಾ ಅಂತ ಅಲ್ಲೇ ನಿಂತು ಓದಿ. ಕೋವಿಯ ಫೋಟೊ ಮೊದಲೇ ಇದ್ದರೆ ವಾಪಸ್ ತಗೊಳ್ಳುವಾಗ ಹಿಡಿ ಮುರಿದಿದೆಯಾ, ತುಕ್ಕು ಹಿಡಿದಿದೆಯಾ, ಅಥವಾ ಬೇರೆಯವರ ಕೋವಿ ಬಂದಿದೆಯಾ ಅಂತ ನೋಡಬಹುದು.

ಕಳುವಾದರೆ ತಕ್ಷಣ ಠಾಣೆಗೆ ದೂರು ಕೊಡಿ. "ಹಳೇ ಜೋಡಿ ನಳಿಗೆ ಸಾರ್" ಅಂದರೆ ಪೊಲೀಸರು ಏನನ್ನು ಹುಡುಕಬೇಕು? ನಾಳೆ ಆ ಕೋವಿ ಎಲ್ಲೋ ಬೇಟೆಯಲ್ಲೋ ಕೊಲೆಯಲ್ಲೋ ಸಿಕ್ಕಿದರೆ ಮೊದಲು ಬಾಗಿಲು ತಟ್ಟೋದು ನಿಮ್ಮ ಮನೆಯದ್ದೇ.

ಪುಸ್ತಕ ಎಲ್ಲಿಡಬೇಕು?

ಕೋವಿ ಇರುವ ಬೀರುವಿನಲ್ಲೇ ಬೇಡ. ಕಳ್ಳ ಎರಡನ್ನೂ ಒಟ್ಟಿಗೆ ಒಯ್ತಾನೆ. ಒಂದು ಪ್ರತಿ ಮನೆಯಲ್ಲಿ ಬೇರೆ ಕಡೆ, ಇನ್ನೊಂದು ಬ್ಯಾಂಕ್ ಲಾಕರ್‌ನಲ್ಲೋ ನಂಬಿಕೆಯ ಹತ್ತಿರದವರ ಹತ್ತಿರವೋ ಇರಲಿ. ಫೋಟೊಗಳನ್ನು ಕುಟುಂಬದ ವಾಟ್ಸ್ಆ್ಯಪ್ ಗ್ರೂಪ್‌ಗೆ ಹಾಕಬೇಡಿ. ಯಾರ ಮನೆಯಲ್ಲಿ ಎಷ್ಟು ಕೋವಿ ಇದೆ ಅನ್ನೋದು ಊರಿಗೆಲ್ಲ ಗೊತ್ತಾಗೋದು ಒಳ್ಳೇದಲ್ಲ. ಜೆರಾಕ್ಸ್ ಅಂಗಡಿಯವರಿಗೂ ಒಂದು ಮಾತು: ಇಂಥ ಕಾಗದದ ಕೆಟ್ಟ ಪ್ರತಿಯನ್ನು ಬುಟ್ಟಿಗೆ ಹಾಕಬೇಡಿ, ಗಿರಾಕಿ ಕೈಗೇ ಕೊಡಿ. ಮೊಬೈಲಿಂದ ಪ್ರಿಂಟ್ ತೆಗೆದರೆ ಫೈಲ್ ಅಳಿಸಿಬಿಡಿ.

ಇದಕ್ಕೊಂದು ದಿನ ಬೇಕು ಅಂದರೆ ಕೈಲ್ ಮುಹೂರ್ತ ಇದೆಯಲ್ಲ. ಸೆಪ್ಟೆಂಬರ್‌ನಲ್ಲಿ ಹೇಗೂ ಕೋವಿ ಇಳಿಸ್ತೀವಿ, ಒರೆಸ್ತೀವಿ, ತೋಕ್ ಪೂ ಸಿಕ್ಕಿಸಿ ದೀಪದ ಮುಂದೆ ಇಡ್ತೀವಿ. ಅವತ್ತೇ ಹತ್ತು ನಿಮಿಷ ಪುಸ್ತಕ ತೆಗೆದು ನಂಬರ್ ತಾಳೆ ಹಾಕಿ, ಲೈಸೆನ್ಸ್ ತಾರೀಖು ನೋಡಿ, ತೋಟಾ ಎಣಿಸಿ. ಅಜ್ಜ, ಅಜ್ಜಿ ಇದ್ದರೆ ಪಕ್ಕದಲ್ಲೇ ಕೂರಿಸಿಕೊಂಡು ಕೋವಿ ಎಲ್ಲಿಂದ ಬಂತು ಅಂತ ಕೇಳಿ ಬರೀರಿ. ಠಾಣೆಯಲ್ಲಿ ಆ ಹುಡುಗನಿಗೆ ಬೇಕಾಗಿದ್ದಿದ್ದು ಅದೇ ನಾಲ್ಕು ಸಾಲು.