ವಿಜ್ಞಾನಿಗಳಿಗೂ ಒಬ್ಬ ವಕೀಲ ಬೇಕೆ?

‘ಲಾಬಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರು ಮುಖ ಹುಳಿ ಮಾಡಿಕೊಳ್ಳುತ್ತಾರೆ. ಹಿಂಬಾಗಿಲು, ಹಣದ ಚೀಲ, ಮಂತ್ರಿಗಳ ಬಂಗಲೆ ಇವೇ ಕಣ್ಣ ಮುಂದೆ ಬರುತ್ತವೆ. ಆದರೆ ಆಮದಿನಿಂದ ಅಡಿಕೆಯ ದರ ಬಿದ್ದಾಗ ಬೆಳೆಗಾರರ ನಿಯೋಗ ಅಂಕಿ ಅಂಶಗಳ ಕಟ್ಟು ಹಿಡಿದು ದಿಲ್ಲಿಗೆ ಹೋಗುತ್ತದಷ್ಟೆ, ಅದೂ ಲಾಬಿಯೇ. ದಕ್ಷಿಣ ಭಾರತದ ಪ್ಲಾಂಟರುಗಳು 1893ರಲ್ಲಿ ‘ಉಪಾಸಿ’ಯನ್ನು ಕಟ್ಟಿಕೊಂಡದ್ದೂ ಒಂದೇ ದನಿಯಲ್ಲಿ ಮಾತಾಡುವುದಕ್ಕಾಗಿ. ಇದೇ ಕೆಲಸವನ್ನು ವಿಜ್ಞಾನಿಗಳೂ ಇಂಜಿನಿಯರರೂ ಏಕೆ ಮಾಡಬೇಕು, ಅದಕ್ಕೆ ಸಂಬಳದ ಜನ ಏಕೆ ಬೇಕು ಎಂಬುದನ್ನು ಬ್ರಿಟನ್ನಿನ ಒಂದು ಉದಾಹರಣೆಯಿಂದ ಸದಸ್ಯ ಬಾಂಧವರಿಗೆ ತಿಳಿಸಬಯಸುತ್ತೇವೆ.

ಸಂಶೋಧನೆಯೂ ತೋಟದ ಹಾಗೆಯೇ. ಇಂದು ನೆಟ್ಟದ್ದು ನಾಳೆ ಫಲ ಕೊಡುವುದಿಲ್ಲ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ತಳಿಗಳನ್ನು ಬೆರೆಸಿ, ಗಿಡ ಫಸಲಿಗೆ ಬಂದು, ಅದರ ಮಕ್ಕಳು ಮೊಮ್ಮಕ್ಕಳ ಗುಣವನ್ನೂ ನೋಡಿ ಬೆಳೆಗಾರನ ಕೈಗೆ ಕೊಡುವಷ್ಟರಲ್ಲಿ ಎಷ್ಟೋ ವರ್ಷ ಕಳೆದಿರುತ್ತದೆ. ಬಜೆಟ್ಟಿಗಾದರೋ ಒಂದೇ ವರ್ಷದ ಆಯುಷ್ಯ. ಹಣ ಸಾಲದೆ ಬಂದಾಗ ಕತ್ತರಿ ಬೀಳುವುದು ಸದ್ದು ಮಾಡದವನ ಪಾಲಿಗೆ. ವಿಜ್ಞಾನಿಗಳು ಸ್ವಭಾವತಃ ಸದ್ದು ಮಾಡದವರು. ‘ನಮ್ಮ ಕೆಲಸವೇ ಮಾತಾಡುತ್ತದೆ’ ಎಂಬುದು ಅವರ ನಂಬಿಕೆ. ಖಜಾನೆಯ ಕೋಣೆಯಲ್ಲಿ ಕೆಲಸ ಮಾತಾಡುವುದಿಲ್ಲ, ಮನುಷ್ಯರು ಮಾತಾಡುತ್ತಾರೆ.

1980ರ ದಶಕದ ಬ್ರಿಟನ್ನಿನಲ್ಲಿ ಉತ್ತಮ ದರ್ಜೆಯ ಸಂಶೋಧನೆಗೂ ಹಣ ಸಿಗುವುದು ಕಷ್ಟವಾಗಿತ್ತು. ಬೇಸತ್ತ ಕೆಲವು ವಿಶ್ವವಿದ್ಯಾಲಯದ ವಿಜ್ಞಾನಿಗಳು ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಅರ್ಧ ಪುಟದ ಜಾಹೀರಾತು ಹಾಕಿಸೋಣವೆಂದು ಗೆಳೆಯರಿಂದ ವಂತಿಗೆ ಕೇಳಿದರು. ಕೆಲವೇ ವಾರಗಳಲ್ಲಿ ಸುಮಾರು 1,500 ಮಂದಿ ಹಣ ಕಳುಹಿಸಿದರು. ಬೇಕಾದುದರ ಎರಡು ಪಟ್ಟಿಗೂ ಮಿಕ್ಕಿ ಕೂಡಿತು. 1986ರ ಜನವರಿ 13ರಂದು ‘ಬ್ರಿಟಿಷ್ ವಿಜ್ಞಾನವನ್ನು ಉಳಿಸಿ’ ಎಂಬ ತಲೆಬರಹದಲ್ಲಿ ಜಾಹೀರಾತು ಪ್ರಕಟವಾಯಿತು. ಅವರು ಮಾಡಿದ ಜಾಣತನವೆಂದರೆ, ಉಳಿದ ಹಣವನ್ನು ಹಂಚಿಕೊಂಡು ಮನೆಗೆ ಹೋಗದೆ ಅದೇ ಹೆಸರಿನ ಒಂದು ಸಂಸ್ಥೆಯನ್ನು ಕಟ್ಟಿದ್ದು. 2005ರಲ್ಲಿ ಅದರ ಹೆಸರು ‘ವಿಜ್ಞಾನ ಮತ್ತು ಇಂಜಿನಿಯರಿಂಗ್ ಆಂದೋಲನ’ ಎಂಬರ್ಥ ಬರುವಂತೆ ಬದಲಾಯಿತು. ವಿಶ್ವವಿದ್ಯಾಲಯಗಳು, ವಿದ್ವತ್ ಸಂಘಗಳು, ಕಂಪೆನಿಗಳು, ಬಿಡಿ ಸದಸ್ಯರು ಚಂದಾ ಕೊಡುತ್ತಾರೆ. ಲಂಡನ್ನಿನಲ್ಲಿ ಸಂಬಳದ ಸಿಬ್ಬಂದಿ ಕೆಲಸ ಮಾಡುತ್ತಾರೆ.

ಈ ಸಿಬ್ಬಂದಿಯಿಂದ ಆಗುವುದೇನು? ಮೊದಲನೆಯದಾಗಿ, ಬಜೆಟ್ಟು ಮಂಡನೆಯಾದ ಮೇಲೆ ಅರ್ಜಿ ಕೊಟ್ಟರೆ ಮಳೆ ಹಿಡಿದು ಕೊಳೆರೋಗ ಹರಡಿದ ಮೇಲೆ ಬೋರ್ಡೋ ಸಿಂಪಡಿಸಿದಂತೆ. ಯಾವ ತಿಂಗಳಲ್ಲಿ ಯಾವ ಇಲಾಖೆಯಲ್ಲಿ ಕರಡು ತಯಾರಾಗುತ್ತದೆ ಎಂದು ತಿಳಿಯಲು ವರ್ಷವಿಡೀ ಅಲ್ಲೇ ಇರಬೇಕು. ಪ್ರಯೋಗಶಾಲೆ ಬಿಟ್ಟು ಬರಲಾಗದವನಿಗೆ ಇದು ಸಾಧ್ಯವಿಲ್ಲ. ಇನ್ನೊಂದು ಮಾತು ಇನ್ನೂ ಮುಖ್ಯ. ತನ್ನ ಪ್ರಯೋಗಶಾಲೆಗೆ ಹಣ ಕೇಳುವವನ ಮಾತನ್ನು ಅಧಿಕಾರಿಗಳು ಸ್ವಾರ್ಥವೆಂದೇ ತಿಳಿಯುತ್ತಾರೆ. ಭೌತಶಾಸ್ತ್ರದವನೂ ಜೀವಶಾಸ್ತ್ರದವನೂ ಒಬ್ಬರ ಪಾಲನ್ನು ಇನ್ನೊಬ್ಬರು ಎಳೆಯುತ್ತ ಕುಳಿತರೆ ಇಬ್ಬರಿಗೂ ಇಲ್ಲವೆನ್ನುವುದು ಸುಲಭ. ಎಲ್ಲರ ಪರವಾಗಿ ಒಬ್ಬನು ಒಂದೇ ಹಾಳೆಯಲ್ಲಿ ಖಜಾನೆಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಟ್ಟರೆ ಅದರ ತೂಕ ಬೇರೆ.

2010ರಲ್ಲಿ ಇದು ಪರೀಕ್ಷೆಗೆ ಬಂತು. ಸಾಲದ ಹೊರೆಯಲ್ಲಿದ್ದ ಸರಕಾರ, ಕೆಲವನ್ನುಳಿದು ಎಲ್ಲ ಇಲಾಖೆಗಳಿಗೂ ಶೇಕಡಾ 25ರಿಂದ 40ರವರೆಗೆ ಕಡಿತದ ಲೆಕ್ಕ ಹಾಕಿಕೊಡಲು ಹೇಳಿತ್ತು. ಜೆನ್ನಿ ರೋನ್ ಎಂಬ ಜೀವಕೋಶ ವಿಜ್ಞಾನಿ ‘ವಿಜ್ಞಾನ ಅತ್ಯಗತ್ಯ’ ಎಂಬ ಚಳವಳಿಗೆ ಕರೆಕೊಟ್ಟರು. ಮೇಲೆ ಹೇಳಿದ ಸಂಸ್ಥೆ ಬೆನ್ನಿಗೆ ನಿಂತಿತು. ಅಕ್ಟೋಬರ್ 9ರಂದು ಸುಮಾರು 2,000 ಮಂದಿ ಲಂಡನ್ನಿನಲ್ಲಿ ಖಜಾನೆಯ ಎದುರು ಸೇರಿದರು, 33,000ಕ್ಕೂ ಹೆಚ್ಚು ಸಹಿಗಳ ಮನವಿ ಪ್ರಧಾನಿಯ ಮನೆಗೆ ಹೋಯಿತು. ಜರ್ಮನಿ, ಫ್ರಾನ್ಸುಗಳು ಸಂಶೋಧನೆಗೆ ಹೆಚ್ಚು ಹಾಕುತ್ತಿರುವಾಗ ನಾವು ಕಡಿಮೆ ಮಾಡಿದರೆ ಉದ್ಯಮವೂ ಜಾಣರೂ ಅತ್ತ ಹೋಗುತ್ತಾರೆ ಎಂಬುದೇ ವಾದ. ಹಣ ಹಂಚುವವರಿಗೆ ನಾಟುವ ಮಾತು ಇದು. ಅಕ್ಟೋಬರ್ 20ರಂದು ತೀರ್ಮಾನ ಹೊರಬಿದ್ದಾಗ ವಿಜ್ಞಾನದ ಪಾಲು, ವರ್ಷಕ್ಕೆ 460 ಕೋಟಿ ಪೌಂಡು, ನಾಲ್ಕು ವರ್ಷ ಕಡಿತವಿಲ್ಲದೆ ಉಳಿಯಿತು.

ಇಂಥ ಕೆಲಸಕ್ಕೆ ಕಾವಲು ಬೇಡವೆಂದು ನಾವು ಹೇಳುತ್ತಿಲ್ಲ. ಅಮೆರಿಕದಲ್ಲಿ 1995ರ ಕಾಯಿದೆಯ ಪ್ರಕಾರ ಲಾಬಿ ಮಾಡುವವರು ಹೆಸರು ನೋಂದಾಯಿಸಿ, ಯಾರ ಪರವಾಗಿ, ಎಷ್ಟು ಹಣಕ್ಕೆ ಎಂಬುದನ್ನು ಬಹಿರಂಗಪಡಿಸಬೇಕು. ಹಗಲಿನಲ್ಲಿ ಮಾಡುವ ಕೆಲಸಕ್ಕೂ ರಾತ್ರಿ ಮಾಡುವ ಕೆಲಸಕ್ಕೂ ವ್ಯತ್ಯಾಸವಿದೆ.

2010ರ ಗೆಲುವೂ ಪೂರ್ಣವಲ್ಲ. ಪೌಂಡಿನ ಲೆಕ್ಕದಲ್ಲಿ ಮೊತ್ತ ಅಷ್ಟೇ ಉಳಿದರೂ ಬೆಲೆಯೇರಿಕೆ ಅದನ್ನು ವರ್ಷವರ್ಷವೂ ಕೊರೆಯಿತು; ಗೊಬ್ಬರದ ದರ ಏರುತ್ತಿರುವಾಗ ಅಡಿಕೆಯ ಧಾರಣೆ ನಿಂತಲ್ಲೇ ನಿಂತರೆ ಏನಾಗುತ್ತದೆಂದು ನಮಗೆ ಗೊತ್ತು. ಕಟ್ಟಡ, ಯಂತ್ರೋಪಕರಣಗಳ ಬಾಬತ್ತನ್ನು ಬೇರೆ ಲೆಕ್ಕದಲ್ಲಿಟ್ಟು ಭಾರಿಯಾಗಿ ಕಡಿದಿದ್ದರು. ವಿಜ್ಞಾನಿಗಳ ಪರವಾದ ಒತ್ತಾಯ ಅಲ್ಲಿಗೇ ನಿಲ್ಲಲಿಲ್ಲ. 2012ರ ಡಿಸೆಂಬರಿನಲ್ಲಿ ಸರಕಾರವು ಆ ಬಾಬತ್ತಿಗೆ 60 ಕೋಟಿ ಪೌಂಡು ಹೆಚ್ಚುವರಿಯಾಗಿ ಘೋಷಿಸಿತು.