ಕಬ್ಬಿನ ಬಿಲ್ಲು, ಮತದ ಚೀಟಿ

ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿರುವ ಉಗಾರ ಶುಗರ್ ವರ್ಕ್ಸ್ 1939ರಷ್ಟು ಹಳೆಯದು. ಅದು ಕಂಪನಿ, ಷೇರು ಹೆಚ್ಚಿದ್ದವರ ಮಾತಿಗೆ ತೂಕ ಹೆಚ್ಚು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಕಾರ್ಖಾನೆಗಳದು ಬೇರೆ ರೀತಿ. ಇವು ಸಹಕಾರಿ. ಎರಡು ಎಕರೆಯವನಿಗೂ ಇಪ್ಪತ್ತು ಎಕರೆಯವನಿಗೂ ಒಂದೊಂದೇ ಮತ.

ಇಂಥ ಸಮಾನ ಮತದಿಂದ, ಅಂದರೆ ಪ್ರಜಾಪ್ರಭುತ್ವದಿಂದ, ಆರ್ಥಿಕತೆ ಬೆಳೆಯುತ್ತದೆಯೇ ಎಂಬುದು ಅರ್ಥಶಾಸ್ತ್ರಜ್ಞರ ಹಳೆಯ ಜಗಳ. ಸಿಂಗಪುರದ ಲೀ ಕ್ವಾನ್ ಯೂ ಶಿಸ್ತೇ ಮುಖ್ಯವೆಂದರು. ದರೋನ್ ಅಸಿಮೊಗ್ಲು ಮತ್ತು ಸಂಗಡಿಗರು 2019ರ ಅಧ್ಯಯನದಲ್ಲಿ, ಪ್ರಜಾಪ್ರಭುತ್ವಕ್ಕೆ ಬಂದ ದೇಶಗಳ ತಲಾ ಉತ್ಪನ್ನ, ಹಾಗೆ ಬರದಿದ್ದರೆ ಇರುತ್ತಿದ್ದುದಕ್ಕಿಂತ, 25 ವರ್ಷಗಳಲ್ಲಿ ಸುಮಾರು ಶೇ 20ರಷ್ಟು ಹೆಚ್ಚುತ್ತದೆ ಎಂದು ಲೆಕ್ಕ ಹಾಕಿದರು. ಕರ್ನಾಟಕ–ಮಹಾರಾಷ್ಟ್ರ ಗಡಿಭಾಗದ ರೈತ ಕೇಳುವುದು ಇನ್ನೊಂದನ್ನು: ಬೆಳೆದದ್ದು ಯಾರ ಕೈಗೆ ಬಂತು?

ನಿಪ್ಪಾಣಿಯಲ್ಲಿ ತಂಬಾಕಿನ ವಹಿವಾಟು ಚೆನ್ನಾಗಿಯೇ ಬೆಳೆದಿತ್ತು. ದರ ಮಾತ್ರ ವ್ಯಾಪಾರಿಗಳು ಹೇಳಿದ್ದೇ. ಮತ ಹಾಕುತ್ತ ಬಂದಿದ್ದ ರೈತರು 1981ರ ಮಾರ್ಚ್‌ನಲ್ಲಿ ರೈತ ನಾಯಕ ಶರದ್ ಜೋಶಿಯವರ ಮುಂದಾಳತ್ವದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆಯೇ ಬಿಡಾರ ಹೂಡಿದರು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು. 12 ಮಂದಿ ಸತ್ತರು. ಆಗ ಮುಖ್ಯಮಂತ್ರಿ ಆರ್. ಗುಂಡೂರಾವ್, ಚುನಾಯಿತ ಸರ್ಕಾರದವರೇ. ಅದೇ ಕಾಲಕ್ಕೆ, ತಂಬಾಕಿನ ಧೂಳಿನಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಪ್ರೊ. ಸುಭಾಷ ಜೋಶಿಯವರ ಜೊತೆ ಸಂಘ ಕಟ್ಟಿ ಕೂಲಿಗಾಗಿ ಹೋರಾಡುತ್ತಿದ್ದರು. ಯುಗಾಂತರ ಎಂಬ ಚಿತ್ರತಂಡ ಅವರ ಮೇಲೆ ಸಾಕ್ಷ್ಯಚಿತ್ರವನ್ನೇ ಮಾಡಿತು. ಐದು ವರ್ಷಕ್ಕೊಮ್ಮೆಯ ಮತ ಮಾಡದ ಕೆಲಸವನ್ನು ಈ ಹೋರಾಟಗಳು ಮಾಡಿದವು.

ಹಾಗೆಂದು ಸಹಕಾರಿ ಮತವೇ ಮದ್ದು ಎನ್ನಲೂ ಆಗದು. ಕಾರ್ಖಾನೆಯ ಆಡಳಿತ ಮಂಡಳಿ ಇಲ್ಲಿ ವಿಧಾನಸಭೆಯ ಮೆಟ್ಟಿಲೂ ಹೌದು. ಪ್ಯಾನೆಲ್ ಪೈಪೋಟಿ ಜೋರು, ಲೆಕ್ಕಪತ್ರದ ಚರ್ಚೆ ಸಣ್ಣದು. ರಾಯಬಾಗದ ಸಹಕಾರಿ ಕಾರ್ಖಾನೆ ಕೊನೆಗೆ ಖಾಸಗಿ ಕಂಪನಿಯಾದ ರೇಣುಕಾ ಶುಗರ್ಸ್‌ಗೆ ಲೀಸಿಗೆ ಹೋಯಿತು.

ರೈತನ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ, ಗಡಿ. ಗಡಿಯಾಚೆ ಕೊಲ್ಹಾಪುರದ ಕಡೆ ದರ ಹೆಚ್ಚಾದರೆ ಟ್ರ್ಯಾಕ್ಟರ್ ಅತ್ತ ತಿರುಗುತ್ತದೆ. ಆ ದರದ ಹಿಂದೆಯೂ ರಾಜು ಶೆಟ್ಟಿ ಅವರ ಸ್ವಾಭಿಮಾನಿ ಶೇತಕರಿ ಸಂಘಟನೆಯ ಹೋರಾಟವಿದೆ ಎಂಬುದು ಬೇರೆ ಮಾತು.

2025ರ ನವೆಂಬರಿನಲ್ಲಿ ಪಕ್ಕದ ಮೂಡಲಗಿಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಧರಣಿ ಕೂತಿದ್ದರು. ಟನ್ ಕಬ್ಬಿಗೆ 3,500 ರೂಪಾಯಿ ಬೇಕು ಎಂಬುದು ಬೇಡಿಕೆ. ಕಾರ್ಖಾನೆ ಮಾಲೀಕರ ಸಭೆ ಕರೆದ ಸರ್ಕಾರ 3,300ಕ್ಕೆ ತಂದು ನಿಲ್ಲಿಸಿತು. ಅದರಲ್ಲಿ 50 ರೂಪಾಯಿಯನ್ನು ತಾನೇ ಕೊಡುವುದಾಗಿ ಒಪ್ಪಿತು.