ಹೊಸ ಉಪಕಸುಬು: ಮೊದಲು ಒಂದು ತೊಟ್ಟಿ, ಆಮೇಲೆ ಶೆಡ್ಡು

ನಮ್ಮಲ್ಲಿಗೆ ಸಲಹೆ ಕೇಳಿ ಬರುವ ರೈತರಲ್ಲಿ ಎರಡು ಬಗೆ. ಬೆಳೆಗೆ ರೋಗ ತಗುಲಿದವರು ಕೈಯಲ್ಲಿ ಒಂದು ಗಿಡ ಹಿಡಿದು ಬರುತ್ತಾರೆ. ಉಪಕಸುಬು ಹೂಡಬೇಕೆಂದವರು ಚೀಲದ ತುಂಬ ಕರಪತ್ರ ಹಿಡಿದು ಬರುತ್ತಾರೆ. ಮೊದಲಿನವರಿಗೆ ಉತ್ತರ ಹೇಳುವುದು ಸುಲಭ. ಎರಡನೆಯವರಿಗೆ ಉತ್ತರ ಹೇಳುವುದಕ್ಕಿಂತ ಮೊದಲು ಅವರ ಚೀಲವನ್ನು ಹಗುರ ಮಾಡಬೇಕಾಗುತ್ತದೆ.

ಎರಡು ವರ್ಷಗಳ ಹಿಂದೆ ಬಯಲುಸೀಮೆಯಿಂದ ದಂಪತಿಗಳಿಬ್ಬರು ಬಂದಿದ್ದರು. ಮೂರು ಎಕರೆ ಖುಷ್ಕಿ, ಎರಡು ಹಸು, ಕೈಸಾಲ ಬೇರೆ. ಎರೆಗೊಬ್ಬರ, ಅಣಬೆ, ಜೇನು, ಕುರಿ, ಕೋಳಿ ಹೀಗೆ ಐದು ಕರಪತ್ರಗಳನ್ನು ಮೇಜಿನ ಮೇಲೆ ಹರಡಿ, “ಇದರಲ್ಲಿ ಯಾವುದು ಮಾಡಲಿ ಸ್ವಾಮಿ?” ಎಂದರು ಯಜಮಾನರು. ಹೆಂಡತಿ ಮೆಲ್ಲಗೆ ಹೇಳಿದರು: “ಮೂರು ತಿಂಗಳಿಂದ ಇವರಿಗೆ ನಿದ್ದೆಯಿಲ್ಲ. ಜಮೀನು ಅಡ ಇಟ್ಟು ಇಪ್ಪತ್ತು ತೊಟ್ಟಿ, ಶೆಡ್ಡು ಕಟ್ಟಿಸ್ತೀನಿ ಅಂತಾರೆ.”

ನನ್ನದೇ ಒಂದು ತಪ್ಪು

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಇಂಥವರಿಗೆ ಆರನೆಯ ಕರಪತ್ರವನ್ನು ಕೊಟ್ಟು ಕಳಿಸುತ್ತಿದ್ದೆ. ಹಾಗೆ ಕಳಿಸಿದ ಒಬ್ಬ ಯುವಕ ಸಾಲ ಮಾಡಿ ದೊಡ್ಡ ಶೆಡ್ಡು ಕಟ್ಟಿಸಿದ. ಹಸಿ ಸಗಣಿಯನ್ನೇ ತುಂಬಿ ಹುಳು ಬಿಟ್ಟ. ಸಗಣಿಯ ಕಾವಿಗೆ ಹುಳು ಸತ್ತವು. ಉಳಿದ ಗೊಬ್ಬರವನ್ನು ಕೊಳ್ಳುವವರು ಯಾರೆಂದು ಅವನೂ ಯೋಚಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ಆ ಶೆಡ್ಡಿನಲ್ಲಿ ಮೇವು ತುಂಬಿದೆ. ಸಾಲ ತೀರಲು ಹಲವು ವರ್ಷ ಹಿಡಿಯಿತು. ತಿಳಿವಳಿಕೆಯ ಕೊರತೆಯಿಂದ ಅವನು ಸೋಲಲಿಲ್ಲ. ಒಮ್ಮೆಲೇ ಎಲ್ಲವನ್ನೂ ಮಾಡಹೊರಟು ಸೋತ.

ಹೊಸ ತಳಿಯನ್ನು ನಾವು ಯಾರಿಗೂ ನೇರವಾಗಿ ಹತ್ತು ಎಕರೆಗೆ ಶಿಫಾರಸು ಮಾಡುವುದಿಲ್ಲ. ಮೊದಲು ಸಣ್ಣ ತಾಕಿನಲ್ಲಿ ಬೆಳೆದು, ತೂಗಿ, ಲೆಕ್ಕ ಹಾಕಿ ನೋಡುತ್ತೇವೆ. ಉಪಕಸುಬಿಗೂ ಇದೇ ಪದ್ಧತಿ ಸಲ್ಲುತ್ತದೆ.

ಮೂರು ಪ್ರಶ್ನೆಗಳು

ಆ ದಂಪತಿಗಳಿಗೆ ಮೂರೇ ಪ್ರಶ್ನೆ ಕೇಳಿದೆ. ದುಡ್ಡು ಕೊಡದೆ ಮನೆಯಲ್ಲೇ ಸಿಗುವ ಕಚ್ಚಾವಸ್ತು ಯಾವುದು? ದಿನಕ್ಕೆ ಒಂದು ಗಂಟೆ ಬಿಡುವು ಯಾರಿಗಿದೆ? ತಯಾರಾದ ಮಾಲು ಮಾರಾಟವಾಗದೆ ಉಳಿದರೆ ಅದನ್ನು ಏನು ಮಾಡುತ್ತೀರಿ?

ಮೂರನೆಯ ಪ್ರಶ್ನೆಯೇ ಮುಖ್ಯ. ಅಣಬೆ ಮಾರದಿದ್ದರೆ ಒಂದೆರಡು ದಿನದಲ್ಲಿ ಕೆಡುತ್ತದೆ. ಎರೆಗೊಬ್ಬರ ಮಾರದಿದ್ದರೆ ಸ್ವಂತ ಹೊಲಕ್ಕೆ ಬೀಳುತ್ತದೆ. ಸಗಣಿ, ರಾಗಿಹುಲ್ಲಿನ ಉಳಿಕೆ, ಕಳೆಗಿಡ ಅವರಲ್ಲೇ ಇದ್ದವು. ಹೀಗೆ ನಾಲ್ಕು ಕರಪತ್ರಗಳು ತಾವಾಗಿಯೇ ಚೀಲಕ್ಕೆ ಹಿಂತಿರುಗಿದವು.

ಒಂದೇ ತೊಟ್ಟಿಯಿಂದ ಆರಂಭ

ಎರೆಗೊಬ್ಬರ ನಮಗೆ ಹೊಸದಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆ ಮತ್ತು ಸಂಗಡಿಗರು 1980ರ ದಶಕದಲ್ಲೇ ಈ ಬಗ್ಗೆ ಸಂಶೋಧನೆ ನಡೆಸಿದ್ದರು. ಒಂದು ತೊಟ್ಟಿಯ ಕ್ರಮ ಹೀಗಿದೆ:

ಮರದ ನೆರಳಲ್ಲಿ ಅಥವಾ ಗರಿಯ ಚಪ್ಪರದಡಿ 10 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ ಸಾಕು. ಕಸಕಡ್ಡಿಯನ್ನು ಸಣ್ಣಗೆ ಕತ್ತರಿಸಿ, ಸಗಣಿಯ ಬಗ್ಗಡ ಬೆರೆಸಿ, 15ರಿಂದ 20 ದಿನ ಕೊಳೆಯಲು ಬಿಡಬೇಕು. ಕಾವು ಆರಿದ ಮೇಲಷ್ಟೇ ಸುಮಾರು 2 ಕಿಲೋ ಎರೆಹುಳು ಬಿಟ್ಟು, ಮೇಲೆ ಗೋಣಿಚೀಲ ಹೊದಿಸಬೇಕು. ಯೂಡ್ರಿಲಸ್ ಅಥವಾ ಐಸೀನಿಯಾ ಜಾತಿಯ ಹುಳುಗಳು ಸೂಕ್ತ. ಹಿಡಿ ಗೊಬ್ಬರವನ್ನು ಹಿಂಡಿದರೆ ಒಂದೆರಡು ಹನಿ ಮಾತ್ರ ಒಸರುವಷ್ಟು ತೇವವಿರಲಿ. ಇರುವೆ ಬಾರದಂತೆ ಸುತ್ತ ನೀರಿನ ಕಾಲುವೆ ಮಾಡಿ. ಹುಳು ಬಿಟ್ಟ 45ರಿಂದ 60 ದಿನಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ತೆಗೆಯುವ 4-5 ದಿನ ಮೊದಲು ನೀರು ನಿಲ್ಲಿಸಿದರೆ ಹುಳುಗಳು ತಳಕ್ಕೆ ಇಳಿಯುತ್ತವೆ. ತುಂಬಿದ ಕಸದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗೊಬ್ಬರ ಸಿಗುತ್ತದೆ.

ಲೆಕ್ಕದ ಪುಸ್ತಕ

ಹುಳು, ತೊಟ್ಟಿ, ಚೀಲ, ಸಾಗಣೆಯ ಖರ್ಚಿನ ಜೊತೆಗೆ ಮನೆಯವರ ದುಡಿಮೆಗೂ ಕೂಲಿ ಕಟ್ಟಿ ಬರೆಯಿರಿ. ಬಹಳ ಮಂದಿ ಇದನ್ನು ಬಿಡುತ್ತಾರೆ. ಆದ್ದರಿಂದಲೇ ನಷ್ಟವೂ ಲಾಭವಾಗಿ ಕಾಣುತ್ತದೆ. ಒಟ್ಟು ಖರ್ಚನ್ನು ಸಿಕ್ಕ ಗೊಬ್ಬರದ ಕಿಲೋಗಳಿಂದ ಭಾಗಿಸಿದರೆ ಕಿಲೋಗೆ ಬಿದ್ದ ಅಸಲು ತಿಳಿಯುತ್ತದೆ. ಈ ಒಂದು ಅಂಕಿ ಕೈಗೆ ಬರುವವರೆಗೆ ಎರಡನೆಯ ತೊಟ್ಟಿ ಬೇಡ.

ಮಾರಾಟಕ್ಕಿಡುವ ಎರೆಗೊಬ್ಬರವು 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಸೇರುತ್ತದೆ. ಆದಕಾರಣ ಮಾರುವ ಮುನ್ನ ಗುಣಮಟ್ಟ ಮತ್ತು ಅನುಮತಿಯ ವಿಷಯವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.

ಒಂಟಿಯಾಗಿ ಹೆಣಗಬೇಡಿ

ತರಬೇತಿಗಿಂತ ತರಬೇತಿಯ ನಂತರದ ಆಸರೆ ದೊಡ್ಡದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಅಲ್ಪಾವಧಿ ತರಬೇತಿ ಕೊಟ್ಟು, ಆಮೇಲೂ ಬೆನ್ನ ಹಿಂದೆ ನಿಂತು ವಿಚಾರಿಸುವ ಕ್ರಮವನ್ನು ಹಾಕಿಕೊಟ್ಟಿತು. ಅದೇ ಮಾದರಿಯಲ್ಲಿ ದೇಶದಾದ್ಯಂತ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ತಲೆಯೆತ್ತಿವೆ. ಇವುಗಳನ್ನೂ ಕೃಷಿ ವಿಜ್ಞಾನ ಕೇಂದ್ರಗಳನ್ನೂ ಬಳಸಿಕೊಳ್ಳಿ. ಹುಳುವನ್ನೂ ಮೊದಲು ಅಲ್ಲಿ ಕಣ್ಣಾರೆ ನೋಡಿ ಬನ್ನಿ.

ಮೂರು ತಿಂಗಳ ಬಳಿಕ ಆ ಹೆಣ್ಣುಮಗಳು ಲೆಕ್ಕದ ಪುಸ್ತಕ ಹಿಡಿದು ಬಂದರು. ಮೊದಲ ತೊಟ್ಟಿಯಲ್ಲಿ ಸುಮಾರು 4 ಕ್ವಿಂಟಾಲ್ ಗೊಬ್ಬರ ಸಿಕ್ಕಿತ್ತು. ಅನುಮತಿಯ ವಿಚಾರ ಬಗೆಹರಿಯುವವರೆಗೆ ಎಲ್ಲವೂ ಸ್ವಂತ ಟೊಮೇಟೊ ತಾಕಿಗೆ ಹೋಯಿತು. ಎರಡನೆಯ ಸಲ ಇರುವೆ ನುಗ್ಗಿ ಅರ್ಧ ಹುಳು ಹೋದವು. ಆದರೆ ಹೋದದ್ದು ಒಂದು ತೊಟ್ಟಿಯ ಹುಳು ಮಾತ್ರ, ಜಮೀನಲ್ಲ. ಇಂದು ಅವರಲ್ಲಿ ನಾಲ್ಕು ತೊಟ್ಟಿಗಳಿವೆ. ಶ್ರೀಮಂತರಾಗಿಲ್ಲ; ಹಸುವಿನ ಹಿಂಡಿಯ ಖರ್ಚು ಗೊಬ್ಬರದಿಂದಲೇ ಹುಟ್ಟುತ್ತಿದೆ. “ಯಜಮಾನರಿಗೆ ಈಗ ನಿದ್ದೆ ಹೇಗೆ?” ಎಂದು ಕೇಳಿದೆ. “ಎಬ್ಬಿಸೋದೇ ಕಷ್ಟ ಸ್ವಾಮಿ” ಎಂದು ನಕ್ಕರು.

ರೈತ ಬಾಂಧವರೇ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹೊಸ ಕಸುಬಿಗೂ ಸಲ್ಲುತ್ತದೆ. ಈ ವಾರ ಒಂದು ಕೆಲಸ ಮಾಡಿ: ಮೇಲಿನ ಮೂರು ಪ್ರಶ್ನೆಗಳಿಗೆ ಮನೆಮಂದಿಯೆಲ್ಲ ಕೂತು ಒಂದು ಹಾಳೆಯಲ್ಲಿ ಉತ್ತರ ಬರೆಯಿರಿ. ನಮ್ಮಲ್ಲಿಗೆ ಬರುವಾಗ ಕರಪತ್ರಗಳ ಬದಲು ಆ ಹಾಳೆಯನ್ನು ತನ್ನಿ.